ಎರಡು ತಲೆ, ಒಂದು ಹೊಗೆ

ನಮ್ಮ ಭಾವನವರ ಹರಕೆ ಸರಳವಾಗಿತ್ತು. ಹೆರಾಲ್ಡಿನ ಎಂಜಿನ್ ಕಟ್ಟಿ ಮುಗಿದರೆ ಅದೇ ಕಾರಿನಲ್ಲಿ ಪಳನಿಗೆ ಹೋಗಿ ಮುಡಿ ಕೊಡುವುದು. ಎಂಜಿನ್ನಿನ ತಲೆಯನ್ನು ಬೆಂಗಳೂರಿನ ಲೇತಿನವನು ಆಗಲೇ ಬೋಳಿಸಿದ್ದ. ‘ಹೆಡ್ ಫೇಸಿಂಗ್’ ಅಂತ ಬಿಲ್ಲಿನಲ್ಲಿ ಬೇರೆಯೇ ಒಂದು ಸಾಲಿತ್ತು. ಇನ್ನು ಭಾವನವರದೊಂದೇ ಬಾಕಿ.

ಸ್ಟ್ಯಾಂಡರ್ಡ್ ಹೆರಾಲ್ಡ್ ಅಂದರೆ 1961ರಿಂದ ಮದರಾಸಿನಲ್ಲಿ ತಯಾರಾಗುತ್ತಿದ್ದ ಗಾಡಿ. 948 ಸಿ.ಸಿ., ನಾಲ್ಕು ಸಿಲಿಂಡರು, ಇಟಲಿಯ ಮಿಕೆಲೊಟ್ಟಿ ಬಿಡಿಸಿದ ಮೈಕಟ್ಟು. ಇದರ ಚಾಸಿಯನ್ನೇ ಗಿಡ್ಡ ಮಾಡಿಕೊಂಡು ಇಂಗ್ಲೆಂಡಿನವರು 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಹೊರತಂದರು. ಅಷ್ಟು ನೆಂಟಸ್ತಿಕೆ ಸಾಕಾಯಿತು. ಭಾವ ಹೆರಾಲ್ಡನ್ನೂ ಸ್ಪೋರ್ಟ್ಸ್ ಕಾರು ಎಂದೇ ಪರಿಚಯಿಸುತ್ತಾರೆ. ಆ ದಾಯಾದಿ ಹೆಸರಿನಲ್ಲೇ ಬೆಂಕಿ ಉಗುಳುತ್ತಾನೆ. ನಮ್ಮದು ಹೊಸೂರು ದಾಟುವಷ್ಟರಲ್ಲಿ ಹೊಗೆ ಉಗುಳಿತು. ನೀಲಿ ಹೊಗೆ.

ವರ್ಕ್‌ಶಾಪಿಗೆ ಫೋನು ಹೋಯಿತು. ‘ರನ್ನಿಂಗ್ ಇನ್ ಸಾರ್, ಸಾವಿರ ಕಿಲೋಮೀಟರ್ ಆಗಲಿ, ರಿಂಗ್ ಕೂತ್ಕೊಳ್ಳುತ್ತೆ.’ ಮಾತು ಪೂರ್ತಿ ಸುಳ್ಳಲ್ಲ. ಹೊಸ ರಿಂಗು ಹೋನಿಂಗ್ ಮಾಡಿದ ಬೋರಿನ ಗೀರುಗಳಿಗೆ ಉಜ್ಜಿ ಉಜ್ಜಿಯೇ ಹೊಂದಿಕೊಳ್ಳಬೇಕು, ಅಲ್ಲಿಯವರೆಗೆ ಒಂದಿಷ್ಟು ಎಣ್ಣೆ ಸುಡುತ್ತದೆ. ಆದರೆ ಹೊಗೆ ದಿನೇ ದಿನೇ ಇಳಿಯಬೇಕು. ನಮ್ಮದು ಊರಿಂದೂರಿಗೆ ದಟ್ಟವಾಗುತ್ತಿತ್ತು. ರಿಂಗು ಎಲ್ಲಿ ಕೂತಿತೋ ಕಾಣೆ, ಹಿಂದೆ ಬರುವವರಂತೂ ಗಾಡಿ ನಿಲ್ಲಿಸಿ ಕೂತರು.

ಜ್ವರಕ್ಕೆ ಮದ್ದು ಹೇಳದವರೂ ಹೊಗೆಗೆ ಕಾರಣ ಹೇಳುತ್ತಾರೆ. ಕೃಷ್ಣಗಿರಿಯ ಬಂಕಿನ ಹುಡುಗ ‘ಚೋಕ್ ಸಿಕ್ಕಿಕೊಂಡಿದೆ’ ಎಂದ. ಚೋಕ್ ಸಿಕ್ಕಿಕೊಂಡರೆ ಹೊಗೆ ಕಪ್ಪು. ಅದು ಪೆಟ್ರೋಲು ಹೆಚ್ಚಾದ ಲಕ್ಷಣ. ಲಾರಿಗಳ ಊರು ನಾಮಕ್ಕಲ್ಲಿನಲ್ಲಿ ಚಹಾ ಕುಡಿಯುತ್ತಿದ್ದ ನಿವೃತ್ತ ಎಂಜಿನಿಯರರು ‘ಹೆಡ್ ಗ್ಯಾಸ್ಕೆಟ್’ ಎಂದು ತೀರ್ಪಿತ್ತರು. ಗ್ಯಾಸ್ಕೆಟ್ ಹೋಗಿ ರೇಡಿಯೇಟರ್ ನೀರು ಒಳನುಗ್ಗಿದರೆ ಹೊಗೆ ಬಿಳಿ. ನೀಲಿಯನ್ನು ಕಣ್ಣಾರೆ ನೋಡಿ ಬಿಳಿಯ ಕಾರಣ ಹೇಳಬೇಕಾದರೆ ಮೂವತ್ತು ವರ್ಷದ ಸರ್ವಿಸ್ ಬೇಕು. ಒಬ್ಬರು ನಿರ್ಮಾಣ ದೋಷ ಎಂದರು, ಒಬ್ಬರು ದೃಷ್ಟಿ ದೋಷ ಎಂದರು, ನಿಂಬೆಹಣ್ಣು ಕಟ್ಟಿದೆವು. ದಿಂಡಿಗಲ್ ಬರುವಷ್ಟರಲ್ಲಿ ಒಂದು ಲೀಟರ್ ಎಂಜಿನ್ ಆಯಿಲ್ ಖರ್ಚಾಗಿತ್ತು.

ಅಂದಹಾಗೆ, ಹೊರಡುವ ಮುನ್ನಾದಿನ ಕಾರಿಗೆ ಎಮಿಷನ್ ಸರ್ಟಿಫಿಕೇಟ್ ಸಿಕ್ಕಿತ್ತು. ಪೆಟ್ರೋಲ್ ಗಾಡಿಯನ್ನು ನಿಂತಲ್ಲೇ ಐಡಲಿನಲ್ಲಿಟ್ಟು ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಅಳೆಯುತ್ತಾರೆ. ಏರಿನಲ್ಲಿ ಎಳೆಯುವಾಗ ಸೈಲೆನ್ಸರಿನಿಂದ ಯಾವ ಬಣ್ಣ ಬರುತ್ತದೆಂದು ಆ ಯಂತ್ರಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಹೀಗಾಗಿ ನಾವು ಉಗುಳಿದ್ದಷ್ಟೂ ಸರ್ಕಾರಿ ಮೊಹರು ಬಿದ್ದ ಹೊಗೆ.

ಪಳನಿಯಲ್ಲಿ ಭಾವನವರ ಹೆಡ್ ಫೇಸಿಂಗೂ ಮುಗಿಯಿತು. ಮೆಟ್ಟಿಲು ಸುಮಾರು 690. ಅವರ ಕಂಪ್ರೆಶನ್ನೂ ಈಚೆಗೆ ಇಳಿದಿರುವುದರಿಂದ ರೋಪ್‌ಕಾರಿನಲ್ಲಿ ಮೇಲೆ ಹೋದೆವು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ಊಹಿಸು ಅನ್ನುವುದು ನಮ್ಮ ನ್ಯಾಯಶಾಸ್ತ್ರದ ಮೊದಲ ಪಾಠ. ಬೆಂಕಿ ಇದೆ ಎಂಬುದು ನಮಗೂ ಗೊತ್ತು. ಯಾವ ಸಿಲಿಂಡರಿನಲ್ಲಿ ಏನು ಬೇಯುತ್ತಿದೆ ಎಂಬುದಕ್ಕೆ ನೈಯಾಯಿಕರಲ್ಲೂ ಉತ್ತರವಿಲ್ಲ. ಇಲ್ಲಿನ ದೇವರು ದಂಡಪಾಣಿಯ ಮೂರ್ತಿಯನ್ನು ಭೋಗರ್ ಸಿದ್ಧರು ನವಪಾಷಾಣದಿಂದ, ಅಂದರೆ ಒಂಬತ್ತು ವಿಷ ಬೆರೆಸಿ ಮಾಡಿದರೆಂದು ಪ್ರತೀತಿ. ಅಷ್ಟು ವಿಷವನ್ನು ಜೀರ್ಣಿಸಿಕೊಂಡ ದೇವರಿಗೆ ನಮ್ಮದೊಂದು ಹತ್ತನೆಯದು. ಪಂಚಾಮೃತದ ಡಬ್ಬಿ ಹಿಡಿದು ಕೆಳಗಿಳಿದೆವು. 2019ರಲ್ಲಿ ಜಿ.ಐ. ಟ್ಯಾಗ್ ಪಡೆದ ಪಂಚಾಮೃತ ಅದು. ಇಡೀ ಪ್ರಯಾಣದಲ್ಲಿ ಒಳಗೇನಿದೆ ಎಂದು ಖಚಿತವಾಗಿ ಗೊತ್ತಿದ್ದ ಒಂದೇ ವಸ್ತು.

ರಿಪೇರಿ ಶೆಡ್ಡು ಸಿಕ್ಕಿದ್ದು ಬೆಟ್ಟದ ಬುಡದಿಂದ ಸ್ವಲ್ಪ ದೂರ. ನಮ್ಮ ಜಗಳ ಕೇಳಿಸಿಕೊಂಡ ಮುದುಕರು ಕನ್ನಡದಲ್ಲೇ ‘ಬನ್ನಿ’ ಅಂದರು. ಕಂಬಂ ಕಣಿವೆಯ ಕಡೆಯವರಂತೆ. ನೂರಾರು ವರ್ಷದ ಹಿಂದೆ ಆ ಕಡೆ ವಲಸೆ ಹೋದವರ ಮನೆಗಳಲ್ಲಿ ಇವತ್ತಿಗೂ ಕನ್ನಡ, ಬೀದಿಯಲ್ಲಿ ತಮಿಳು.

ಹೆರಾಲ್ಡಿನ ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಮುದುಕರು ಮುಂದಿನ ಚಕ್ರದ ಮೇಲೆ ಮಣೆಯ ಮೇಲೆ ಕೂತಂತೆ ಕೂತರು. ಭಾವ ಇತಿಹಾಸ ಶುರುಮಾಡಿದರು. ‘ಕತೆ ಆಮೇಲೆ ಸ್ವಾಮಿ. ಘಾಟಿ ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಗುಪ್ಪನೆ ಬಂತಾ, ಇಲ್ಲಾ ಏರಿನಲ್ಲಿ ಎಳೆಯುವಾಗೆಲ್ಲ ಬಂತಾ?’ ಮೊದಲನೆಯದಾದರೆ ವಾಲ್ವ್ ಗೈಡಿನಿಂದ ಎಣ್ಣೆ ಇಳಿಯುತ್ತಿದೆ, ಎರಡನೆಯದಾದರೆ ರಿಂಗಿನಿಂದ ಏರುತ್ತಿದೆ. ತೊಪ್ಪೂರು ಘಾಟಿಯಲ್ಲಿ ನಾವದನ್ನು ಗಮನಿಸಿರಲಿಲ್ಲ. ಹೊಗೆಯ ವಿಡಿಯೋ ಮಾಡುವುದರಲ್ಲಿದ್ದೆವು.

ಅವರು ನಾಲ್ಕು ಪ್ಲಗ್ಗನ್ನೂ ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಮೂರು ಒಣಗಿದ್ದವು, ಮೂರನೆಯ ಸಿಲಿಂಡರಿನದು ಬಜ್ಜಿಯಂತೆ ಎಣ್ಣೆ ಕುಡಿದಿತ್ತು. ಕಂಪ್ರೆಶನ್ ಗೇಜು ಇಟ್ಟರೆ 130, 128, 90, 129. ಮೂರನೆಯದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೆ 120. ಎಣ್ಣೆ ಬಿಟ್ಟಾಗ ಏರಿತೆಂದರೆ ಸೋರುತ್ತಿರುವುದು ರಿಂಗು. ವಾಲ್ವ್ ಆಗಿದ್ದರೆ ಮುಳ್ಳು ಅಲ್ಲಾಡುತ್ತಿರಲಿಲ್ಲ. ಇಷ್ಟಕ್ಕೆ ಅರ್ಧ ಗಂಟೆ. ಬಂಕಿನ ಹುಡುಗನಿಂದ ಹಿಡಿದು ಎಂಜಿನಿಯರರವರೆಗೆ ಒಬ್ಬರಾದರೂ ಪ್ಲಗ್ ಬಿಚ್ಚಲಿಲ್ಲ. ಬಿಚ್ಚಿದ್ದರೆ ಚರ್ಚೆ ಮುಗಿದುಹೋಗುತ್ತಿತ್ತಲ್ಲ.

ಮರುದಿನ ಹೆಡ್ಡೂ ಚೇಂಬರೂ ಇಳಿಸಿ ಪಿಸ್ಟನ್ ಹೊರತೆಗೆದರು. ಎರಡನೆಯ ರಿಂಗಿನ ಮೇಲೆ, ಕನ್ನಡಕವಿಲ್ಲದೆ ಓದಬಹುದಾದಷ್ಟು ದೊಡ್ಡದಾಗಿ, ‘ಟಾಪ್’ ಎಂದು ಕೊರೆದಿತ್ತು. ಅದು ಕೆಳಮುಖವಾಗಿತ್ತು. ಎಣ್ಣೆಯನ್ನು ಕೆಳಕ್ಕೆ ಕೆರೆಯಬೇಕಾದ ರಿಂಗು ಬೆಂಗಳೂರಿನಿಂದ ಪಳನಿಯವರೆಗೆ ಪ್ರಾಮಾಣಿಕವಾಗಿ ಮೇಲಕ್ಕೆ ಕೆರೆದಿತ್ತು. ಭಾವ ತಮ್ಮ ಬೋಳುತಲೆ ಸವರಿಕೊಂಡರು.

ವರ್ಕ್‌ಶಾಪಿಗೆ ಮತ್ತೆ ಫೋನು ಮಾಡಿದೆವು. ‘ಸಾವಿರ ಕಿಲೋಮೀಟರ್ ಆಯ್ತಾ ಸಾರ್?’ ಎಂದು ಕೇಳಿದರು.

ಹಳೆಯ ಗಾಡಿಯ ಎಂಜಿನ್ ಕಟ್ಟಿಸಿ ಹೊಗೆ ನೋಡುತ್ತ ನಿಂತವರು ಯಾರನ್ನೂ ಕೇಳುವ ಮುಂಚೆ ಪ್ಲಗ್ ಬಿಚ್ಚಿ. ಹೆರಾಲ್ಡಿಗಾದರೆ ಸ್ಪ್ಯಾನರ್ 13/16 ಇಂಚಿನದು.