ಸಭಾಪಾಲಕ ಪರೀಕ್ಷಾ ಮೀಮಾಂಸೆ: ಶಂಶಾಬಾದ್ ಆಗಮನದ್ವಾರ ಪ್ರಕರಣ

ಪೀಠಿಕೆ

ಚಿನ್ನಕ್ಕೆ ಒರೆಗಲ್ಲಿದೆ, ಹಾಲಿಗೆ ಲ್ಯಾಕ್ಟೋಮೀಟರ್ ಇದೆ. ದೇವರ ಸೇವಕರನ್ನು ಅಳೆಯಲು ಮಾತ್ರ ಏನೂ ಇಲ್ಲವೆಂದು ವಿದ್ವಲ್ಲೋಕ ಮರುಗುತ್ತಿದೆ. ಆ ಕೊರತೆ ನೀಗಲೆಂದು ಈ ಪ್ರಬಂಧ ಶಂಶಾಬಾದನ್ನೇ ಪ್ರಯೋಗಶಾಲೆ ಮಾಡಿಕೊಂಡಿದೆ. ಕಾರಣ ಎರಡು.

ಒಂದು, 2008ರ ಮಾರ್ಚ್‌ನಲ್ಲಿ ಇಲ್ಲಿ ಹೈದರಾಬಾದಿನ ಹೊಸ ವಿಮಾನ ನಿಲ್ದಾಣ ತೆರೆಯಿತು. ಬೀದರ್, ರಾಯಚೂರು ಕಡೆಯ ಕೂಟಗಳಿಗೆ ಬರುವ ‘ಅಂತರರಾಷ್ಟ್ರೀಯ ಪ್ರವಾದಿ’ಗಳಿಗೂ ಇದೇ ಅನುಕೂಲ. ಎರಡು, 2017ರ ಅಕ್ಟೋಬರ್ 10ರಂದು ಪೋಪ್ ಫ್ರಾನ್ಸಿಸ್ ಇಲ್ಲಿ ಸಿರೋ-ಮಲಬಾರ್ ಸಭೆಯ ಕಥೋಲಿಕರಿಗಾಗಿ ಧರ್ಮಪ್ರಾಂತ್ಯ ಸ್ಥಾಪಿಸಿದರು. ಮೊದಲ ಬಿಷಪ್ ಮಾರ್ ರಾಫೆಲ್ ತಟ್ಟಿಲ್. 2024ರಲ್ಲಿ ಅವರೇ ಆ ಸಭೆಯ ಮೇಜರ್ ಆರ್ಚ್‌ಬಿಷಪ್ ಆದರು. ಪ್ರಾಂತ್ಯ ಹುಟ್ಟಿದಾಗ ಅದರ ವ್ಯಾಪ್ತಿಗೆ 20ಕ್ಕೂ ಹೆಚ್ಚು ರಾಜ್ಯಗಳು ಬಂದವು. ಇಷ್ಟು ಅಗಲದ ಪ್ರಾಂತ್ಯದಲ್ಲಿ ಯಾರು ಅಸಲಿ ಪಾದ್ರಿಯೆಂದು ಮುಖ ನೋಡಿ ಹೇಳುವುದು ಯಾವ ಬಿಷಪ್ಪರಿಗೂ ಆಗದ ಮಾತು. ಆದ್ದರಿಂದ:

ಸೂತ್ರ 1: ಕಾಗದ ತೋರಿಸು.

ಭಾಷ್ಯ: 1983ರ ಕಥೋಲಿಕ ಧರ್ಮಸಂಹಿತೆಯ 903ನೇ ವಿಧಿಯಂತೆ ಗುರುತಿಲ್ಲದ ಪಾದ್ರಿ ಬಲಿಪೂಜೆ ಅರ್ಪಿಸಲು ಬಂದರೆ ತನ್ನ ಮೇಲಿನವರು ಒಂದು ವರ್ಷದೊಳಗೆ ಕೊಟ್ಟ ಪತ್ರ ತೋರಿಸಬೇಕು, ಇಲ್ಲವೇ ಆತನಿಗೆ ಅಡ್ಡಿಯೇನೂ ಇಲ್ಲವೆಂದು ವಿವೇಕದಿಂದ ತೀರ್ಮಾನಿಸುವಂತಿರಬೇಕು. ಸಿರೋ-ಮಲಬಾರಿನಂಥ ಪೂರ್ವದ ಸಭೆಗಳಲ್ಲೂ ಇಂಥದೇ ಕಟ್ಟಳೆಯಿದೆ. ಆದರೆ ಪತ್ರದಿಂದ ಗೊತ್ತಾಗುವುದು ಆತ ಯಾರಿಗೆ ಲೆಕ್ಕ ಒಪ್ಪಿಸುತ್ತಾನೆ ಎಂಬುದಷ್ಟೇ. ಲೆಕ್ಕ ಸರಿಯಿದೆ ಎಂದಲ್ಲ. ಸ್ವತಂತ್ರ ಪ್ರವಾದಿಗಳಿಗೆ ಪತ್ರವೂ ಇಲ್ಲ. ಹೆಸರಿನ ಹಿಂದೆ ‘ಡಾಕ್ಟರ್’ ಇದೆ. ಆ ಪದವಿ ಎಲ್ಲಿಯದೆಂದು ಫ್ಲೆಕ್ಸ್ ಅಂಗಡಿಯವನನ್ನೇ ಕೇಳಬೇಕು.

ಸೂತ್ರ 2: ದುಡ್ಡು ಕೇಳಿದರೆ ಬಾಗಿಲು ತೋರಿಸು.

ಭಾಷ್ಯ: 1873ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಬ್ರಿಯೆನ್ನಿಯೋಸ್ ಎಂಬ ವಿದ್ವಾಂಸರಿಗೆ ಹಳೆಯ ಹಸ್ತಪ್ರತಿಯೊಂದು ಸಿಕ್ಕಿತು. ಅದರೊಳಗಿದ್ದದ್ದು ‘ದಿದಖೆ’, ಆದಿಸಭೆಯ ಕೈಪಿಡಿ. ಅದರ ವಿಧಾನ ಸರಳ. ಅಲೆದಾಡುವ ಅಪೊಸ್ತಲ ಬಂದರೆ ಕರ್ತನನ್ನು ಬರಮಾಡಿಕೊಂಡ ಹಾಗೆ ಬರಮಾಡಿಕೊಳ್ಳಿ. ಒಂದು ದಿನ ಇರಲಿ, ಬೇಕಿದ್ದರೆ ಎರಡು ದಿನ. ಮೂರನೆಯ ದಿನವೂ ಕೂತಿದ್ದರೆ ಸುಳ್ಳು ಪ್ರವಾದಿ. ಹೊರಡುವಾಗ ದಾರಿಗೆ ರೊಟ್ಟಿ ಸಾಕು. ಹಣ ಕೇಳಿದರೆ ಸುಳ್ಳು ಪ್ರವಾದಿ. ಪವಿತ್ರಾತ್ಮನ ಹೆಸರಲ್ಲಿ ಊಟ ಬಡಿಸಲು ಹೇಳಿ ತಾನೇ ಉಂಡರೂ ಸುಳ್ಳು ಪ್ರವಾದಿ. ಬಡವರಿಗೆ ಕೊಡಿ ಎಂದರೆ ಮಾತ್ರ ತಕರಾರಿಲ್ಲ.

ಇನ್ನು ನಮ್ಮ ಕೂಟದ ಪೋಸ್ಟರ್ ನೋಡಿ. ‘ಪ್ರವೇಶ ಉಚಿತ’ ಎಂಬುದು ದಪ್ಪಕ್ಷರದಲ್ಲಿ. ನಡುವೆ ಮೈಕ್ ಹಿಡಿದ ಪ್ರವಾದಿ, ಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಯೇಸು. ಕೆಳಗೆ ಕ್ಯೂಆರ್ ಕೋಡ್. ದೇವರ ವಾಕ್ಯಕ್ಕಿಂತ ಅದೇ ದೊಡ್ಡದು. ದಿದಖೆಯ ಕಾಲದಲ್ಲಿ ಬಾಯಿಬಿಟ್ಟು ಕೇಳಬೇಕಿತ್ತು; ಈಗ ಆ ಮುಜುಗರವೂ ತಪ್ಪಿದೆ.

ಪೂರ್ವಪಕ್ಷ: ಅಭಿಷಿಕ್ತರನ್ನು ಪ್ರಶ್ನಿಸಬಾರದು, ಪ್ರಶ್ನಿಸಿದವರಿಗೆ ಶಾಪ ತಟ್ಟುತ್ತದೆ.

ಸಿದ್ಧಾಂತ: ಈ ವಾದ ಮಂಡಿಸುವವರು ಬಹುತೇಕ ಅಭಿಷಿಕ್ತರೇ ಆಗಿರುವುದು ಗಮನಾರ್ಹ. ಆತ್ಮಾವೇಶದ ಮಾತನ್ನು ಪರೀಕ್ಷಿಸಬೇಡಿ ಎಂದು ದಿದಖೆಯೂ ಹೇಳುತ್ತದೆ, ನಿಜ. ಆದರೆ ನಡತೆ ನೋಡಿ ಎಂದು ಅದೇ ಉಸಿರಿನಲ್ಲಿ ಹೇಳುತ್ತದೆ. ಬೆರೋಯದವರು ಪೌಲನ ಬೋಧನೆಯನ್ನೇ ದಿನವೂ ಶಾಸ್ತ್ರಕ್ಕೆ ಹೋಲಿಸಿ ನೋಡಿದರು. ಅಪೊಸ್ತಲರ ಕೃತ್ಯಗಳು ಅವರನ್ನು ಹೊಗಳುತ್ತದೆಯೇ ಹೊರತು ಶಪಿಸುವುದಿಲ್ಲ.

ಸೂತ್ರ 3: ವೇದಿಕೆ ಬಿಡು, ಮನೆ ನೋಡು.

ಭಾಷ್ಯ: ತಿಮೊಥೆಯನಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ ಸಭಾಧ್ಯಕ್ಷನ ಅರ್ಹತೆಗಳ ಪಟ್ಟಿಯಿದೆ. ಹಣದಾಸೆ ಇರಬಾರದು, ಕುಡುಕನಾಗಿರಬಾರದು, ಜಗಳಗಂಟನಾಗಿರಬಾರದು, ಹೊಸದಾಗಿ ಸಭೆಗೆ ಸೇರಿದವನಾಗಿರಬಾರದು. ಸ್ವಂತ ಮನೆಯನ್ನು ಚೆನ್ನಾಗಿ ನಡೆಸುತ್ತಿರಬೇಕು, ಸಭೆಯ ಹೊರಗಿನವರಿಂದಲೂ ಒಳ್ಳೆಯವನೆನಿಸಿಕೊಂಡಿರಬೇಕು. ಕೆಲಸದ ಕೌಶಲವೆಂದು ಕೇಳಿರುವುದು ಬೋಧಿಸುವ ಶಕ್ತಿಯೊಂದನ್ನೇ. ಕುಂಟರನ್ನು ನಡೆಸಬೇಕು, ವೀಸಾ ಕೊಡಿಸಬೇಕು ಎಂಬ ಷರತ್ತು ಎಲ್ಲೂ ಇಲ್ಲ. ಆದ್ದರಿಂದ ಪರೀಕ್ಷಕರು ಮುಂದಿನ ಸಾಲಿನ ಭಕ್ತರನ್ನು ಬಿಟ್ಟು ಪಾಸ್ಟರ್ ಕಾರಿನ ಡ್ರೈವರ್, ಅಡುಗೆಯಾಕೆ ಮತ್ತು ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ವಿಚಾರಿಸತಕ್ಕದ್ದು.

ಉದಾಹರಣೆ: ಇದೇ ತೆಲಂಗಾಣದ ಮೆದಕ್‌ನಲ್ಲಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬ ಮೆಥಡಿಸ್ಟ್ ಪಾದ್ರಿ ದಶಕಗಳ ಕಾಲ ನೆಲೆಸಿದರು. ಬರಗಾಲದಲ್ಲಿ ಜನಕ್ಕೆ ಕೂಲಿ ಸಿಗಲೆಂದು ಕಟ್ಟಿಸಿದ ಅಲ್ಲಿನ ಕ್ಯಾಥೆಡ್ರಲ್ 1924ರ ಕ್ರಿಸ್‌ಮಸ್ ದಿನ ಪ್ರತಿಷ್ಠೆಯಾಯಿತು. ಊರಿಗೆ ಅವರನ್ನು ನೋಡಲು ಬೇಕಾದಷ್ಟು ವರ್ಷಗಳಿದ್ದವು. ಸಂಜೆಯ ವಿಮಾನ ಹಿಡಿಯಬೇಕಾದವರಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ. ಅವರು ಫಲಿತಾಂಶಕ್ಕೆ ಮೊದಲೇ ತೇರ್ಗಡೆಯಾಗಿರುತ್ತಾರೆ.

ಸಂಶೋಧನೆಯ ಮಿತಿ

ಫಲದಿಂದ ಮರವನ್ನು ಗುರುತಿಸಿ ಎಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಫಲ ಬಿಡಲು ಋತುಗಳು ಬೇಕು; ನಮಗೋ ಇವತ್ತು ರಾತ್ರಿ ಒಂಬತ್ತರೊಳಗೆ ಬಿಡುಗಡೆ ಬೇಕು. ಸೂತ್ರಗಳು ಹಳೆಯವು, ಸುಲಭದವು, ಖರ್ಚಿಲ್ಲದವು. ಪರೀಕ್ಷಿಸಿದರೆ ಅದ್ಭುತ ಕೈತಪ್ಪೀತೆಂಬ ಭಯಕ್ಕೆ ಮಾತ್ರ ಈ ಪ್ರಬಂಧದಲ್ಲಿ ಔಷಧವಿಲ್ಲ. ಕುರಿವೇಷದ ತೋಳಕ್ಕೆ ಉಣ್ಣೆ ಒದಗಿಸಿದವರು ಯಾರೆಂಬುದು ಪ್ರತ್ಯೇಕ ಸಂಶೋಧನೆಗೆ ಅರ್ಹ, ಕುರಿಗಳು ಸಹಕರಿಸಬೇಕು.

ಫಲಶ್ರುತಿ

ಈ ಮೀಮಾಂಸೆಯನ್ನು ಮೂರು ಹೊತ್ತು ಪಠಿಸಿದವರಿಗೆ ಸಾಲ ತೀರುವುದಿಲ್ಲ, ವೀಸಾ ಬರುವುದಿಲ್ಲ, ಕಾಯಿಲೆ ವಾಸಿಯಾಗುವುದಿಲ್ಲ. ಆಗುತ್ತದೆಂದು ಯಾರಾದರೂ ಇದನ್ನು ಮಾರಲು ಬಂದರೆ ಎರಡನೆಯ ಸೂತ್ರ ನೋಡುವುದು.