ಹೌಸ್‌ಫುಲ್

(ಒಂದು ಜಿಲ್ಲಾ ಕಾರಾಗೃಹ. ಸಾಹೇಬರು ತಪಾಸಣೆಗೆ ಬಂದಿದ್ದಾರೆ.)

ಸಾಹೇಬರು: ಏನ್ರೀ ಜೈಲರ್, ನೂರು ಜನರ ಜಾಗದಲ್ಲಿ ಎಷ್ಟು ಮಂದಿ ತುಂಬಿದ್ದೀರಿ?

ಜೈಲರ್: ನೂರಾ ಮೂವತ್ತೊಂದು ಸಾರ್. 2022ರ ಲೆಕ್ಕದಲ್ಲಿ ದೇಶದ ಸರಾಸರಿಯೂ ಶೇ. 131. ನಾವು ಸರಾಸರಿ ಕೆಡಿಸಿಲ್ಲ!

ಸಾಹೇಬರು: ಭೇಷ್! ಮಲಗೋದು ಹೇಗೆ?

ಜೈಲರ್: ಒಬ್ಬ ಮಗ್ಗುಲು ಬದಲಿಸಿದರೆ ಇಡೀ ಬ್ಯಾರಕ್ಕೇ ಬದಲಿಸುತ್ತೆ ಸಾರ್. ಇಂಥ ಶಿಸ್ತು ಸೈನ್ಯದಲ್ಲೂ ಇಲ್ಲ.

ಸಾಹೇಬರು: ಎಲ್ಲಾ ಅಪರಾಧಿಗಳಾ?

ಜೈಲರ್: ಛೆ ಛೆ! ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಅಪರಾಧಿಗಳೇ ಇಲ್ಲಿ ಅಲ್ಪಸಂಖ್ಯಾತರು.

ಸಾಹೇಬರು: (ಮೂಲೆಯವನತ್ತ) ನಿನ್ನದೇನಪ್ಪ?

ಕೈದಿ: ಸೈಕಲ್ ಕದ್ದೆ ಅಂತಾರೆ ಸ್ವಾಮಿ. ಮೊದಲನೇ ಸಲ. ಜಾಮೀನು ಸಿಕ್ಕಿ ಆರು ತಿಂಗಳಾಯ್ತು.

ಸಾಹೇಬರು: ಮತ್ತೆ ಇನ್ನೂ ಇಲ್ಲೇ?

ಕೈದಿ: ಇಪ್ಪತ್ತು ಸಾವಿರಕ್ಕೆ ಶ್ಯೂರಿಟಿ ಬೇಕಂತೆ. ಅಷ್ಟು ದುಡ್ಡಿರೋ ನೆಂಟರಿದ್ದಿದ್ದರೆ ಸೈಕಲ್ಲನ್ನೇ ಕೊಡಿಸುತ್ತಿದ್ದರು!

ಸಾಹೇಬರು: ಪಾಪ! ಪರಿಹಾರ ಸುಲಭ ಜೈಲರ್. ಇನ್ನೊಂದು ಜೈಲು ಕಟ್ಟೋಣ.

ಜೈಲರ್: ಕಾನೂನೇ ಇದೆಯಲ್ಲ ಸಾರ್, ನಾಗರಿಕ ಸುರಕ್ಷಾ ಸಂಹಿತೆಯ ಕಲಂ 479. ಮರಣದಂಡನೆ, ಜೀವಾವಧಿಯ ಆರೋಪ ಇಲ್ಲದ ಮೊದಲ ಸಲದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಕೋರ್ಟಿಗೆ ಅರ್ಜಿ ನಾವೇ ಬರೀಬೇಕು.

ಸಾಹೇಬರು: ಬರೆದಿರಾ?

ಜೈಲರ್: ಬರೆಯೋಣ ಅಂದರೆ, ಮೇಜಿನ ಮೇಲೆ ಇಬ್ಬರು ಮಲಗಿದ್ದಾರೆ ಸಾರ್!

(ಆ ಕಾನೂನು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಹಳೆಯ ಪ್ರಕರಣಗಳಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ ಅದೇ ಆಗಸ್ಟ್‌ನಲ್ಲಿ ಹೇಳಿದೆ.)