ಈಗಷ್ಟೇ ಎದ್ದ ಕರ್ನಲ್‌ಗೆ ಕೈಪಿಡಿ

ಈ ಕೈಪಿಡಿ ಯಾರಿಗೆ?

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗುವ ಕಮಲಾಪುರ ಈಗ ತಾಲೂಕು ಕೇಂದ್ರ. ಅಲ್ಲಿ ಪಹಣಿ ಮುದ್ರಿಸುವ ಒಂದು ಕಂಪ್ಯೂಟರಿನೊಳಗಿನ ಲಿನಕ್ಸ್ ಕರ್ನಲ್, ಅಂದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳು, ನೀವೇ ಎಂದಿಟ್ಟುಕೊಳ್ಳಿ. ಹೋದ ಕರೆಂಟ್ ಈಗ ಬಂದಿದೆ. ಕಿಟಕಿಯಾಚೆ ಕೆಂಪು ಬಾಳೆ ಬೆಳೆಗಾರರು ಪಾಳಿ ಹಚ್ಚಿ ನಿಂತಿದ್ದಾರೆ. ನಿಮಗೋ, ನಿಮ್ಮ ಮೆಮೊರಿ ಎಷ್ಟಿದೆ, ಎಲ್ಲೆಲ್ಲಿದೆ ಎಂಬುದೇ ಗೊತ್ತಿಲ್ಲ. ಊರಿಗೆಲ್ಲ ಪಹಣಿ ಕೊಡುವ ಮೊದಲು ನಿಮ್ಮದೊಂದು ಪಹಣಿ ತೆಗೆಸಿಕೊಳ್ಳಬೇಕು. ಕೆಳಗಿನ ಹಂತಗಳನ್ನು ಅನುಕ್ರಮವಾಗಿ ಪಾಲಿಸಿ. ಯಾವುದನ್ನೂ ಬರೆದಿಟ್ಟುಕೊಳ್ಳಲು ಹೋಗಬೇಡಿ. ಬರೆಯಲು ಜಾಗ ಎಲ್ಲಿದೆ ಎಂದು ಇನ್ನೂ ತಿಳಿದಿಲ್ಲ.

ಹಂತ 1: ಅಗೆದು ನೋಡಬೇಡಿ

ಪ್ರತಿ ವಿಳಾಸದಲ್ಲೂ ಒಂದು ಅಂಕಿ ಬರೆದು, ಮರಳಿ ಓದಿ, ಅದೇ ಬಂದರೆ ಮೆಮೊರಿ ಇದೆ ಎಂದು ತೀರ್ಮಾನಿಸುವ ಹುಮ್ಮಸ್ಸು ಬರಬಹುದು. ತಡೆದುಕೊಳ್ಳಿ. ಎಲ್ಲ ವಿಳಾಸಗಳ ಹಿಂದೆಯೂ ರ್‍ಯಾಮ್ ಇರುವುದಿಲ್ಲ. ಕೆಲವುಗಳ ಹಿಂದೆ ಗ್ರಾಫಿಕ್ಸ್ ಕಾರ್ಡ್ ಇರುತ್ತದೆ, ಕೆಲವುಗಳ ಹಿಂದೆ ನೆಟ್‌ವರ್ಕ್ ಕಾರ್ಡ್. ಅಲ್ಲಿ ಬರೆದ ಅಂಕಿಯನ್ನು ಅವು ಆಜ್ಞೆ ಎಂದೇ ತಿಳಿಯುತ್ತವೆ. ಕೆಲವು ಯಂತ್ರಗಳಲ್ಲಿ ಒಂದೇ ಮೆಮೊರಿ ಎರಡು ವಿಳಾಸಗಳಲ್ಲಿ ಮುಖ ತೋರಿಸಿ, ಇರುವುದರ ದುಪ್ಪಟ್ಟು ಇದೆ ಎಂದು ನಂಬಿಸುವುದೂ ಉಂಟು.

ಹಂತ 2: ಬಯೋಸ್ ಕಚೇರಿಗೆ ಅರ್ಜಿ ಹಾಕಿ

ಹಳೆಯ ಪಿಸಿಯಾದರೆ ಅದನ್ನು ಎಬ್ಬಿಸುವ ಫರ್ಮ್‌ವೇರ್ ಬಯೋಸ್; ಅದನ್ನು ರಿಯಲ್ ಮೋಡ್‌ನಲ್ಲಿರುವಾಗಲೇ, ಅಂದರೆ ಇನ್ನೂ 16 ಬಿಟ್‌ನ ಬಡವರಾಗಿರುವಾಗಲೇ ಕೇಳಿ. 64 ಬಿಟ್‌ಗೆ ಬಡ್ತಿ ಪಡೆದ ಮೇಲೆ ಬಯೋಸ್ ನಿಮ್ಮ ಕರೆಗೆ ಓಗೊಡುವುದಿಲ್ಲ. ಕರೆಯ ಹೆಸರು ಇ820. ಒಂದು ಕರೆಗೆ ಒಂದೇ ಸಾಲು, 20 ಬೈಟ್: ಆರಂಭದ ವಿಳಾಸಕ್ಕೆ 8, ಉದ್ದಕ್ಕೆ 8, ದರ್ಜೆಗೆ 4. ಜತೆಗೆ ಇಬಿಎಕ್ಸ್ ರಿಜಿಸ್ಟರಿನಲ್ಲಿ ಒಂದು ಟೋಕನ್ ಸಂಖ್ಯೆ ಬರುತ್ತದೆ. ಅದನ್ನು ತಿದ್ದದೆ ವಾಪಸ್ ಕೊಟ್ಟು ಮುಂದಿನ ಸಾಲು ಕೇಳಿ. ಸೊನ್ನೆ ಬಂದರೆ ಪಟ್ಟಿ ಮುಗಿಯಿತು.

ಇದಕ್ಕಿಂತ ಹಳೆಯ 88 ಎಂಬ ಕರೆಯೂ ಇದೆ. ಅದು 16 ಬಿಟ್ ರಿಜಿಸ್ಟರಿನಲ್ಲಿ ಕಿಲೋಬೈಟ್ ಲೆಕ್ಕ ಕೊಡುವುದರಿಂದ 64 ಎಂಬಿ ದಾಟಿ ಎಣಿಸಲು ಬಾರದು. ಬೇರೆ ದಾರಿಯೇ ಇಲ್ಲದಾಗ ಮಾತ್ರ ಬಳಸಿ.

ಹೊಸ ಯಂತ್ರಗಳಲ್ಲಿ ಬಯೋಸ್ ಬದಲು ಯುಇಎಫ್‌ಐ ಇರುತ್ತದೆ. ಅದು ನಕ್ಷೆಯ ಜತೆ ಒಂದು ಕೀಲಿ ಕೊಡುತ್ತದೆ. ನಕ್ಷೆ ಪಡೆದ ಮೇಲೆ, ಯುಇಎಫ್‌ಐಯನ್ನು ಬೀಳ್ಕೊಡುವ ಮೊದಲು, ನಡುವೆ ಏನಾದರೂ ಬದಲಾದರೆ ಆ ಕೀಲಿ ನಡೆಯದು. ಹೊಸ ನಕಲು ತೆಗೆಸಿ ಮತ್ತೆ ಬನ್ನಿ. ಕಲಬುರಗಿ ಬಸ್ಸಿನಲ್ಲಿ ಕೂತವರ ಕೈಯಲ್ಲಿರುವ ಫೋನಿನ ಕರ್ನಲ್ ನೀವಾಗಿದ್ದರೆ ಈ ಓಡಾಟ ಇಲ್ಲ: ನಿಮ್ಮನ್ನು ಎಬ್ಬಿಸುವ ಬೂಟ್‌ಲೋಡರ್ ಡಿವೈಸ್ ಟ್ರೀ ಎಂಬ ವಿವರಪಟ್ಟಿಯನ್ನು ಕೈಗೇ ಕೊಡುತ್ತದೆ.

ಹಂತ 3: ಖರಾಬ್ ಗುರುತಿಸಿ

ಪಹಣಿಯ ವಿಸ್ತೀರ್ಣದ ಕಾಲಂ ನೋಡಿದ್ದೀರಲ್ಲ: ಒಟ್ಟು, ಫೂಟ್ ಖರಾಬ್ ಅ, ಫೂಟ್ ಖರಾಬ್ ಬ, ಉಳಿದದ್ದು. ನಿಮ್ಮ ಲೆಕ್ಕವೂ ಅದೇ. ದರ್ಜೆ 1 ಉಳಬಹುದಾದ ನೆಲ. 2 ಕಾಯ್ದಿಟ್ಟದ್ದು, ದಾರಿ-ಹಳ್ಳದಂತೆ, ಕಾಲಿಡಬೇಡಿ. 3ರಲ್ಲಿ ಯಂತ್ರದ ವಿದ್ಯುತ್, ಸಾಧನಗಳ ವಿವರವಿರುವ ಎಸಿಪಿಐ ಕಾಗದಪತ್ರಗಳಿವೆ. ಓದಿ ಮುಗಿಸಿದ ಮೇಲೆ ಬಿತ್ತಬಹುದು. 4 ಯಂತ್ರ ಮಲಗಿ ಏಳುವಾಗ ಫರ್ಮ್‌ವೇರ್‌ಗೆ ಬೇಕು. 5 ಕೆಟ್ಟ ಮೆಮೊರಿ, ಬರೀ ಕಲ್ಲು.

ಎರಡು ಸಾಲುಗಳು ಒಂದರ ಮೇಲೊಂದು ಬಿದ್ದರೆ ದೊಡ್ಡ ಅಂಕಿಯ ದರ್ಜೆ ಗೆಲ್ಲುತ್ತದೆ. 1 ಎಲ್ಲಕ್ಕಿಂತ ಚಿಕ್ಕದು. ಅರ್ಥಾತ್, ತಕರಾರಿನ ನೆಲ ಉಳುವವರಿಗೆ ಸಿಗದು.

ಹಂತ 4: ಬದು ಸರಿ ಮಾಡಿ

ಹಲವು ಪಿಸಿಗಳಲ್ಲಿ ಮೊದಲ ಸಾಲು ಸೊನ್ನೆಯಿಂದ 639 ಕೆಬಿವರೆಗೆ ಉಪಯೋಗಯೋಗ್ಯ ಎನ್ನುತ್ತದೆ. ಮುಂದಿನ 1 ಕೆಬಿ ಬಯೋಸ್‌ನದು. 640ರಿಂದ 1024 ಕೆಬಿವರೆಗೆ ಪರದೆಯ ಮೆಮೊರಿ, ರೋಮ್ (ROM) ಚಿಪ್‌ಗಳ ಸಾಲು. ನೀವು ನೆಲ ಹಂಚುವುದು 4 ಕೆಬಿಯ ಪುಟಗಳಲ್ಲಿ, ಅರ್ಧಂಬರ್ಧ ಪುಟ ಲೆಕ್ಕಕ್ಕಿಲ್ಲ. 639 ಕೆಬಿಯಲ್ಲಿ 159 ಪುಟ ಹಿಡಿಯುತ್ತವೆ, ಅಂದರೆ 636 ಕೆಬಿ. ಉಳಿದ 3 ಕೆಬಿ ಬದುವಿನ ಪಾಲು. ಮೇಲ್ಮನವಿಗೆ ಅವಕಾಶವಿಲ್ಲ.

ಹಂತ 5: ನಿಮ್ಮನ್ನೇ ಕಳೆಯಿರಿ

ಮೆಮ್‌ಬ್ಲಾಕ್ ಎಂಬ ಎರಡು ಪಟ್ಟಿ ತೆರೆಯಿರಿ: ಇರುವುದು ಒಂದರಲ್ಲಿ, ಕಾಯ್ದಿಟ್ಟದ್ದು ಇನ್ನೊಂದರಲ್ಲಿ. ಪಟ್ಟಿ ಬರೆಯಲೂ ಮೆಮೊರಿ ಬೇಕಲ್ಲ? ಅದಕ್ಕೆಂದೇ ನಿಮ್ಮ ಮೈಯೊಳಗೆ ತಲಾ 128 ಸಾಲಿನ ಜಾಗ ಮೊದಲೇ ಬಿಟ್ಟಿದ್ದಾರೆ. ಕಾಯ್ದಿಟ್ಟ ಪಟ್ಟಿಯಲ್ಲಿ ಮೊದಲು ನಿಮ್ಮ ಹೆಸರೇ ಬರಲಿ. ಮರೆತರೆ ನೀವು ನಿಂತ ನೆಲವನ್ನು ನೀವೇ ಇನ್ನೊಬ್ಬರಿಗೆ ಹಂಚಿಬಿಡುತ್ತೀರಿ. ಬೂಟ್‌ಲೋಡರ್ ತಂದಿಟ್ಟ ತಾತ್ಕಾಲಿಕ ಕಡತಗಳ ಗಂಟು ಇನಿಟ್‌ಆರ್‌ಡಿಯನ್ನೂ ಬರೆಯಿರಿ. ಕೊನೆಗೆ ದಫ್ತರದ ಖರ್ಚು: ಪ್ರತಿ ಪುಟದ ಲೆಕ್ಕ ಇಡಲು ಸಾಮಾನ್ಯವಾಗಿ 64 ಬೈಟ್ ಬೇಕು. 8 ಜಿಬಿಯ ಯಂತ್ರದಲ್ಲಿ ದಫ್ತರವೇ 128 ಎಂಬಿ ತಿನ್ನುತ್ತದೆ.

ಮಿಕ್ಕಿದ್ದನ್ನು, ಮುಂದೆ ಮೆಮೊರಿ ಹಂಚುವ ಬಡ್ಡಿ ಅಲೊಕೇಟರ್‌ಗೆ ಒಪ್ಪಿಸಿ. ಹೆಸರು ಕೇಳಿ ಹೆದರಬೇಡಿ, ಅದು ಸಾಲದ ಬಡ್ಡಿಯಲ್ಲ.

ದೂರು ಮತ್ತು ಪರಿಹಾರ

ದೂರು: ಕಲಬುರಗಿ ಸೂಪರ್ ಮಾರ್ಕೆಟ್‌ನ ಗಿರಾಕಿಯೊಬ್ಬರು, “ಎಂಟು ಜಿಬಿ ಅಂತ ರೊಕ್ಕಾ ತಗೊಂಡು ಏಳೂವರಿ ತೋರಸ್ಲತ್ತದಲ್ರೀ?” ಎನ್ನುತ್ತಿದ್ದಾರೆ.
ಪರಿಹಾರ: ಅಂಗಡಿಯವರ ಮೇಲೆ ಹರಿಹಾಯುವ ಮೊದಲು ಡಿಮೆಸ್ಗ್ ಆಜ್ಞೆ ಕೊಟ್ಟು ಮೊದಲ ಸಾಲುಗಳನ್ನು ಓದಿಸಿ. ಒಳಗಿನ ಗ್ರಾಫಿಕ್ಸ್, ಫರ್ಮ್‌ವೇರ್, ದಫ್ತರ ಎಲ್ಲವೂ ಅಲ್ಲೇ ಪಾಲು ತೆಗೆದುಕೊಂಡಿರುತ್ತವೆ.

ದೂರು: 8 ಜಿಬಿ ಯಂತ್ರದಲ್ಲಿ ರ್‍ಯಾಮ್‌ನ ವಿಳಾಸ 8 ಜಿಬಿಯನ್ನೂ ದಾಟಿದೆ.
ಪರಿಹಾರ: ಹೆಚ್ಚುವರಿ ನೆಲವಲ್ಲ. 4 ಜಿಬಿಯ ಕೆಳಗೆ ಸಾಧನಗಳಿಗಾಗಿ ಬಿಟ್ಟ ಜಾಗದಿಂದ ಒಕ್ಕಲೆದ್ದ ರ್‍ಯಾಮ್‌ಗೆ ಮೇಲೆ ಪುನರ್ವಸತಿ ಸಿಕ್ಕಿದೆ.

ವಾರಂಟಿ

ಈ ಪಹಣಿ ಕರೆಂಟ್ ಇರುವಷ್ಟು ಹೊತ್ತು ಮಾತ್ರ ಊರ್ಜಿತ. ಆರಿಸಿದಾಗ ಯಾರಾದರೂ ಒಂದು ರ್‍ಯಾಮ್ ಕಡ್ಡಿ ಸಿಕ್ಕಿಸಿರಬಹುದು, ಕಿತ್ತಿರಬಹುದು. ಆದ್ದರಿಂದ ಪ್ರತಿ ಸಲ ಎದ್ದಾಗಲೂ ಹಂತ 1ರಿಂದ ಶುರು ಮಾಡಿ. ಪಾಳಿಯಲ್ಲಿ ನಿಂತವರು ಬೈದರೆ ಬೈಯಲಿ. ಇಷ್ಟೆಲ್ಲ ಮುಗಿಯಲು ಒಂದು ಸೆಕೆಂಡೂ ಹಿಡಿಯುವುದಿಲ್ಲ. ಯಾವ ತಾಲೂಕು ಕಚೇರಿಯೂ ಈ ವೇಗಕ್ಕೆ ಜವಾಬ್ದಾರಿ ಹೊರುವುದಿಲ್ಲ.